ತೂಕದ ಕಾಟಾ ಇಲ್ಲದೆ ಎಸಿಗೆ ಗ್ಯಾಸ್ ಹಾಕಿಸಬೇಡಿ

ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಎಸಿಯದ್ದೇ. ಏಪ್ರಿಲ್ ಬಂತು, ಅಲ್ವಾ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಸೀಮೆ ನಮ್ಮದು. ನಮ್ಮಪ್ಪ ಕಲಬುರಗಿ ಸ್ಟೇಷನ್ ಹತ್ತಿರ ತಗಡಿನ ಕೂಲರ್ ಮಾಡುತ್ತಿದ್ದರು. ಹತ್ತು ವರ್ಷದವನಿದ್ದಾಗ ನಾನು ಅದಕ್ಕೆ ಹುಲ್ಲು ತುಂಬುತ್ತಿದ್ದೆ. ಎಸಿ ಕೆಲಸ ಕಲಿತದ್ದು ಆಮೇಲೆ. ಹಾಗಾಗಿ ಕೂಲರ್ ಮಾರಲು ಹೊರಟವರಿಗೆ ನನ್ನ ಉತ್ತರ ಸ್ವಲ್ಪ ಖಾರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಒಂದೂವರೆ ಟನ್ ಸ್ಪ್ಲಿಟ್ ಎಸಿ ಹಾಕಿಸಿದೆವು. ಪ್ರತಿ ಮಾರ್ಚ್‌ನಲ್ಲಿ ತಂಪು ಕಡಿಮೆಯಾಗುತ್ತದೆ. ಬಂದವರು "ಗ್ಯಾಸ್ ಖಾಲಿ ಆಗ್ಯಾದ್ರಿ" ಎಂದು ತುಂಬಿ ದುಡ್ಡು ತಗೊಂಡು ಹೋಗುತ್ತಾರೆ. ಎಸಿಗೆ ವರ್ಷ ವರ್ಷ ಗ್ಯಾಸ್ ಹಾಕಿಸಲೇಬೇಕಾ?
— ನಿವೃತ್ತ ಶಿಕ್ಷಕರು, ಜೇವರ್ಗಿ ರಸ್ತೆ, ಕಲಬುರಗಿ

ಬೇಡ ಗುರುಗಳೇ. ಅಡುಗೆ ಸಿಲಿಂಡರಿನ ಗ್ಯಾಸ್ ಉರಿದು ಮುಗಿಯುತ್ತದೆ. ಎಸಿಯ ಗ್ಯಾಸ್ ಪೈಪಿನೊಳಗೆ ಸುಮ್ನೆ ಸುತ್ತುತ್ತಿರುತ್ತದೆ. ಕೋಣೆಯ ಬಿಸಿ ಹೀರಿ ಆವಿಯಾಗುತ್ತದೆ, ಹೊರಗಿನ ಡಬ್ಬಿಯಲ್ಲಿ ಆ ಬಿಸಿ ಬಿಟ್ಟು ಮತ್ತೆ ನೀರಿನಂತಾಗುತ್ತದೆ. ಹತ್ತು ವರ್ಷ ಕಳೆದರೂ ಅಷ್ಟೇ ಇರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ತೂತಿನ ಕೊಡಕ್ಕೆ ದಿನಾ ನೀರು ತುಂಬಿಸುವ ಕೆಲಸಕ್ಕೆ ನೀವು ಮೂರು ವರ್ಷ ದುಡ್ಡು ಕೊಟ್ಟಿದ್ದೀರಿ.

ಮೊದಲು ಇನ್ನೊಂದು ಅನುಮಾನ ಬಗೆಹರಿಸಿಕೊಳ್ಳಿ. ಮಾರ್ಚ್‌ನಲ್ಲಿ ತಂಪು ಕಡಿಮೆ ಎಂದರೆ ಬರೀ ಧೂಳು ಕೂತಿರಲೂಬಹುದು. ಒಳಗಿನ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆಯಿರಿ. ಹೊರಗಿನ ಯೂನಿಟ್ಟಿನ ಜಾಲರಿಯನ್ನು ಸ್ವಿಚ್ ಆಫ್ ಮಾಡಿ ತೊಳೆಸಿ. ನೀರಿನ ಪ್ರೆಷರ್ ಜಾಸ್ತಿ ಬೇಡ, ಅದರ ಅಲ್ಯೂಮಿನಿಯಂ ಎಲೆಗಳು ಹಪ್ಪಳದ ಹಾಗೆ ಮಡಚಿಕೊಳ್ಳುತ್ತವೆ. ನಮ್ಮ ಕಡೆ ಎಷ್ಟೋ ಎಸಿಗಳಿಗೆ ಇಷ್ಟೇ ಔಷಧಿ.

ಆಮೇಲೂ ತಂಪಾಗದಿದ್ದರೆ ಸೋರಿಕೆ ಹುಡುಕಿಸಿ. ಹತ್ತರಲ್ಲಿ ಎಂಟು ಸಲ ನನಗೆ ಅದು ಸಿಗುವುದು ಪೈಪು ಮತ್ತು ಯೂನಿಟ್ ಕೂಡುವ ಹಿತ್ತಾಳೆ ನಟ್ಟಿನಲ್ಲಿ. ನೀವೇ ನೋಡಬಹುದು. ಹೊರಗಿನ ಯೂನಿಟ್ಟಿನ ಪಕ್ಕದ ಎರಡು ನಟ್ಟುಗಳ ಸುತ್ತ ಧೂಳು ಒಣಗಿದ್ದರೆ ಸರಿ. ಧೂಳು ಜಿಡ್ಡಾಗಿ, ಕಪ್ಪಾಗಿ, ಒಗ್ಗರಣೆ ಸೌಟಿನ ಹಿಡಿಯ ಹಾಗೆ ಅಂಟಿದ್ದರೆ ಅಲ್ಲೇ ಕಳ್ಳ ಇದ್ದಾನೆ. ಗ್ಯಾಸ್ ಜೊತೆ, ಅದನ್ನು ಒತ್ತಿ ತಳ್ಳುವ ಕಂಪ್ರೆಸರಿನ ಎಣ್ಣೆಯೂ ಹೊರಗೆ ಬರುತ್ತದೆ, ಅದಕ್ಕೆ ಧೂಳು ಹತ್ತುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ತಾಮ್ರದ ಪೈಪಿನ ಬಾಯಿ ಅಗಲ ಮಾಡುವಾಗ ಸೀಳು ಬಿಟ್ಟಿರುತ್ತಾರೆ, ಇಲ್ಲವೇ ಸ್ಪಾನರ್ ಹಾಕಿ ಸಿಕ್ಕಾಪಟ್ಟೆ ಬಿಗಿದಿರುತ್ತಾರೆ. ಅಂದರೆ ರೋಗ ಮೆಷಿನಿನದ್ದಲ್ಲ, ಹಾಕಿಸಿದ ದಿನದ್ದು.

ನನ್ನದೇ ಕಥೆ ಹೇಳುತ್ತೇನೆ. ಸ್ವಂತ ಕೆಲಸ ಶುರು ಮಾಡಿದ ಮೊದಲ ಬೇಸಿಗೆ. ಒಂದೇ ದಿನ ಮೂರು ಫಿಟಿಂಗ್ ಒಪ್ಪಿಕೊಂಡಿದ್ದೆ. ಪೈಪಿನೊಳಗಿನ ಗಾಳಿ, ತೇವ ಎಳೆಯುವ ವ್ಯಾಕ್ಯೂಮ್ ಪಂಪ್ ನನ್ನ ಹತ್ತಿರ ಇರಲಿಲ್ಲ, ಬಾಡಿಗೆಗೆ ತರಬೇಕಿತ್ತು. ತರಲಿಲ್ಲ. ಯೂನಿಟ್ಟಿನ ಗ್ಯಾಸನ್ನೇ ಎರಡು ಸಲ ಫುಸ್ಸೆಂದು ಬಿಟ್ಟು ಗಾಳಿ ಹೊರಗೆ ತಳ್ಳಿದೆ. ನನಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಎರಡನೇ ಬೇಸಿಗೆಗೆ ಆ ಮೂರರಲ್ಲಿ ಒಂದರ ಕಂಪ್ರೆಸರ್ ಕೂತುಬಿಟ್ಟಿತು. ಬಿಚ್ಚಿದಾಗ ಬಂದ ಎಣ್ಣೆ ಚಹಾ ಡಿಕಾಕ್ಷನ್ ಬಣ್ಣಕ್ಕಿತ್ತು, ಮೂಗಿಗೆ ಹುಳಿ ವಾಸನೆ. ಒಳಗೆ ಉಳಿದ ತೇವ ಎಣ್ಣೆ ಜೊತೆ ಸೇರಿ ಆಮ್ಲವಾಗಿತ್ತು. ಕಂಪ್ರೆಸರ್ ದುಡ್ಡು ನಾನೇ ಕೊಟ್ಟೆ. ಆ ತಿಂಗಳೇ ಪಂಪ್ ಕೊಂಡೆ.

ಹಾಗಾಗಿ ಈ ಸಲ ಬಂದವರಿಗೆ ಹೀಗೆ ಹೇಳಿ: ಮೊದಲು ನೈಟ್ರೋಜನ್ ತುಂಬಿ ಸೋರಿಕೆ ಹುಡುಕು, ರಿಪೇರಿ ಮಾಡು. ಆಮೇಲೆ ಪಂಪ್ ಹಾಕು. ಅದು ಕಡಿಮೆ ಎಂದರೂ ಇಪ್ಪತ್ತು ನಿಮಿಷ ನಡೆಯಬೇಕು. ಪಂಪ್ ಬಂದ್ ಮಾಡಿದ ಮೇಲೂ ಹತ್ತು ನಿಮಿಷ ಮೀಟರಿನ ಮುಳ್ಳು ಅಲ್ಲಾಡಬಾರದು. ಕೊನೆಗೆ ಗ್ಯಾಸ್. ಅದನ್ನು ತೂಗಿ ಹಾಕಬೇಕು. ಹೊರಗಿನ ಯೂನಿಟ್ಟಿನ ಪಟ್ಟಿಯ ಮೇಲೆ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರುವಾಗ ಕಾಟಾದ ಮೇಲೆ ಕಣ್ಣಿಟ್ಟು ನಿಲ್ಲುತ್ತೀರಿ, ಅಲ್ವಾ? ಇಲ್ಲೂ ಹಾಗೇ ನಿಲ್ಲಿ. ಕಾಟಾ ತರದೆ, ಪೈಪು ಮುಟ್ಟಿ ನೋಡಿ "ಆಯ್ತ್ರಿ ಸರ" ಎನ್ನುವವರಿಗೆ ಚಹಾ ಕೊಟ್ಟು ಕಳಿಸಿಬಿಡಿ. ಗ್ಯಾಸ್ ಜಾಸ್ತಿಯಾದರೂ ಕಂಪ್ರೆಸರಿಗೆ ಕಷ್ಟ, ಕಡಿಮೆಯಾದರೂ ಕಷ್ಟ. ಮತ್ತೆ, ಪಟ್ಟಿಯ ಮೇಲೆ ಆರ್-32 ಅಂತಿದ್ದರೆ ಅದು ಬೆಂಕಿ ಹಿಡಿಯಬಲ್ಲ ಗ್ಯಾಸ್. ಕೆಲಸ ನಡೆಯುವಾಗ ಬೀಡಿ ಸೇದುತ್ತಾ ನಿಂತ ಹುಡುಗನನ್ನು ಹೊರಗೆ ಕಳಿಸಿ.

ಪ್ರಶ್ನೆ: ಮೇಲ್ಮಹಡಿಯಲ್ಲಿ 10×12 ಅಡಿ ಕೋಣೆ. ಪಶ್ಚಿಮಕ್ಕೆ ಗೋಡೆ. ಅಂಗಡಿಯವರು ಒಂದು ಟನ್ ಸಾಕು, 52 ಡಿಗ್ರಿ ಬಿಸಿಲಲ್ಲೂ ನಡೆಯುತ್ತದೆ ಎನ್ನುತ್ತಾರೆ. ನಂಬಲಾ?
— ಅಂಗನವಾಡಿ ಕಾರ್ಯಕರ್ತೆ, ಸೇಡಂ

ನಡೆಯುತ್ತದೆ ಅಕ್ಕಾ, ಸುಳ್ಳಲ್ಲ. ನಡೆಯುವುದು ಬೇರೆ, ತಂಪು ಮಾಡುವುದು ಬೇರೆ. ಎಸಿಯ ಟನ್ ಲೆಕ್ಕವನ್ನು ಹೊರಗೆ 35 ಡಿಗ್ರಿ ಇದೆ ಎಂದು ಇಟ್ಟುಕೊಂಡು ಅಳೆಯುತ್ತಾರೆ. ಸೇಡಂನಲ್ಲಿ 35 ಡಿಗ್ರಿ ಎಂದರೆ ಬೆಳಗಿನ ನಾಷ್ಟಾ ಹೊತ್ತು. ಹೊರಗೆ 43, 44 ಆದಾಗ ಅದೇ ಮೆಷಿನ್ ಕೊಡುವ ತಂಪು ಕಡಿಮೆ, ತಿನ್ನುವ ಕರೆಂಟ್ ಜಾಸ್ತಿ. ಅಂಗಡಿಯಲ್ಲಿ "52 ಡಿಗ್ರಿಗೆ ನಡೆಯುತ್ತಾ" ಎಂದು ಕೇಳಬೇಡಿ. "43 ಡಿಗ್ರಿಯಲ್ಲಿ ಎಷ್ಟು ವ್ಯಾಟ್ ತಂಪು ಕೊಡುತ್ತೆ" ಎಂದು ಕೇಳಿ. ಒಂದು ಟನ್ ಎಂದರೆ ಸುಮಾರು 3,500 ವ್ಯಾಟ್. ಕೆಲವು ಕಂಪನಿಗಳು ಪುಸ್ತಕದಲ್ಲಿ 35ರದ್ದು, 43ರದ್ದು ಎರಡೂ ಅಂಕಿ ಕೊಡುತ್ತವೆ.

ನಿಮ್ಮ ಕೋಣೆ ಕೆಳಗಿನ ಮಹಡಿಯಲ್ಲಿದ್ದಿದ್ದರೆ ಒಂದು ಟನ್ ಸಾಕು ಎನ್ನುತ್ತಿದ್ದೆ. ಮೇಲ್ಮಹಡಿ ಅಂದಮೇಲೆ ಲೆಕ್ಕ ಬೇರೆ. ಪಿಸ್ತೂಲಿನ ಹಾಗೆ ಹಿಡಿಯುವ ಥರ್ಮಾಮೀಟರ್ ಒಂದು ನನ್ನ ಚೀಲದಲ್ಲಿರುತ್ತದೆ. ಕಳೆದ ಮೇನಲ್ಲಿ ಒಬ್ಬರ ಮೇಲ್ಮಹಡಿ ಕೋಣೆಯ ಛತ್ತಿಗೆ ರಾತ್ರಿ ಹತ್ತು ಗಂಟೆಗೆ ಹಿಡಿದೆ. 41 ತೋರಿಸಿತು. ಹೊರಗೆ ಗಾಳಿ ತಣ್ಣಗಾಗಿತ್ತು, ಛತ್ತು ಮಾತ್ರ ಹಗಲಿನ ಬಿಸಿಲು ಹಿಡಿದುಕೊಂಡೇ ಕೂತಿತ್ತು. ಎಸಿ ಕೋಣೆಯ ಜೊತೆ ಅಲ್ಲ, ಆ ಛತ್ತಿನ ಜೊತೆ ಕುಸ್ತಿ ಆಡುತ್ತದೆ. ಹಾಗಾಗಿ ಒಂದೂವರೆ ಟನ್ ಇನ್ವರ್ಟರ್ ಎಸಿ ತಗೊಳ್ಳಿ. ಸಂಜೆ ಪೂರ್ತಿ ಜೋರಿನಲ್ಲಿ ಓಡುತ್ತದೆ, ನಡುರಾತ್ರಿ ತಾನೇ ನಿಧಾನವಾಗುತ್ತದೆ.

ಆದರೆ ಅದಕ್ಕೂ ಮುಂಚೆ ಛತ್ತಿಗೆ ಸುಣ್ಣ ಹೊಡೆಸಿ. ಎರಡು ಕೈ, ಬೆಳ್ಳಗೆ ಕಣ್ಣು ಕುಕ್ಕುವ ಹಾಗೆ. ಎಸಿ ಮಾರುವವರು ಇದನ್ನು ಹೇಳುವುದಿಲ್ಲ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಸಿಮೆಂಟ್ ಫ್ಯಾಕ್ಟರಿ ಊರಿನ ಧೂಳಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: 16 ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಂಪಾಗುತ್ತಾ?
— ಕಾಲೇಜು ವಿದ್ಯಾರ್ಥಿ, ಕಲಬುರಗಿ

ಇಲ್ಲಪ್ಪಾ. 16 ಎಂದರೆ ಎಲ್ಲಿ ನಿಲ್ಲಬೇಕು ಎಂಬ ಗುರುತು, ಎಷ್ಟು ಜೋರು ಓಡಬೇಕು ಎಂಬುದಲ್ಲ. ಕೋಣೆ 36 ಇದ್ದಾಗ 25 ಒತ್ತಿದರೂ ಅದು ಅದೇ ಜೋರಿನಲ್ಲಿ ಓಡುತ್ತದೆ. 25 ಅಥವಾ 26ಕ್ಕೆ ಇಟ್ಟು ಫ್ಯಾನನ್ನು ಸಣ್ಣಗೆ ಬಿಡಿ. ಒಂದು ಡಿಗ್ರಿ ಏರಿಸಿದರೆ ಕರೆಂಟ್ ಸುಮಾರು ಶೇ 6 ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ನಂತರದ ಎಸಿಗಳು ಆನ್ ಮಾಡಿದಾಗ ತಾವಾಗಿಯೇ 24ಕ್ಕೆ ಬರುವುದು ಅದಕ್ಕೇ.

ಪ್ರಶ್ನೆ: ನನ್ನ ತವರು ಮಂಗಳೂರು. ಅಲ್ಲಿ ನಮ್ಮ ಎಸಿ ಪೈಪಿನಿಂದ ರಾತ್ರಿಗೆ ಒಂದು ಬಕೆಟ್ ನೀರು ಬರುತ್ತಿತ್ತು. ಇಲ್ಲಿ ಅತ್ತೆ ಮನೆಯ ಎಸಿಯಲ್ಲಿ ಹನಿಯೂ ಇಲ್ಲ. ಕೆಟ್ಟಿದೆಯಾ?
— ಗೃಹಿಣಿ, ಶಹಾಬಾದ್

ಕೆಟ್ಟಿಲ್ಲ ತಂಗಿ. ಆ ನೀರು ಎಸಿಯದ್ದಲ್ಲ, ಮಂಗಳೂರಿನ ಗಾಳಿಯದ್ದು. ತಣ್ಣೀರಿನ ಲೋಟದ ಹೊರಗೆ ಹನಿ ಕೂರುವ ಹಾಗೆ, ಎಸಿಯೊಳಗಿನ ತಣ್ಣನೆಯ ಕಾಯಿಲ್ (ಸುರುಳಿ ಪೈಪು) ಮೇಲೆ ಗಾಳಿಯ ತೇವ ಕೂರುತ್ತದೆ. ಏಪ್ರಿಲ್‌ನಲ್ಲಿ ಶಹಾಬಾದಿನ ಗಾಳಿ ಹೇಗೆಂದರೆ ಒಗೆದ ಸೀರೆ ಕ್ಲಿಪ್ ಹಾಕುವಷ್ಟರಲ್ಲಿ ಒಣಗುತ್ತದೆ. ಅದರಲ್ಲಿ ನೀರೆಲ್ಲಿಂದ ಬರಬೇಕು? ಜೂನ್ ಮಳೆ ಬೀಳಲಿ, ನಿಮ್ಮ ಬಕೆಟ್ ನೀರು ವಾಪಸ್ ಬರುತ್ತದೆ. ಆ ನೀರಲ್ಲಿ ನೆಲ ಒರೆಸಿ, ಗಿಡಕ್ಕೆ ಹಾಕಿ. ಇನ್ವರ್ಟರ್ ಬ್ಯಾಟರಿಗೆ ಮಾತ್ರ ಹಾಕಬೇಡಿ, ಕಾಯಿಲ್ ಮೇಲಿನ ಧೂಳೂ ಅದರಲ್ಲಿರುತ್ತದೆ.

ಪ್ರಶ್ನೆ: ಮೇ ಪೂರ್ತಿ ಸರಿ ಇದ್ದ ಎಸಿ ಹೋದ ವರ್ಷ ಮಳೆ ಶುರುವಾದ ಕೂಡಲೇ ಹಾಸಿಗೆ ಮೇಲೆ ಸೋರಿತು. ಈ ಸಲವೂ ಹಾಗೇ ಆಗುತ್ತಾ?
— ಬ್ಯಾಂಕ್ ನೌಕರ, ಬೀದರ್

ಮೇಲಿನ ಉತ್ತರವನ್ನೇ ತಿರುಗಿಸಿ ಓದಿ. ಮೇನಲ್ಲಿ ನೀರೇ ಇರಲಿಲ್ಲ, ಹಾಗಾಗಿ ತಪ್ಪು ಗೊತ್ತಾಗಲಿಲ್ಲ. ಅಷ್ಟರಲ್ಲಿ ಕಾಯಿಲ್ ಕೆಳಗಿನ ನೀರಿನ ತಟ್ಟೆಯಲ್ಲಿ ಧೂಳು ಕೂತು, ಮೊದಲ ತೇವಕ್ಕೆ ಲೋಳೆಯಾಗಿ, ಪೈಪಿನ ಬಾಯಿ ಕಟ್ಟಿತು. ಮೇ ಕೊನೆಗೆ ಫಿಲ್ಟರ್ ತೆಗೆದು ಕಾಯಿಲ್ ಮೇಲೆ ಒಂದು ಲೋಟ ನೀರನ್ನು ನಿಧಾನಕ್ಕೆ ಬಿಡಿ. ಮೊದಲು ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿ, ವೈರು ಇರುವ ಬಲಗಡೆ ಬಿಟ್ಟು ಹಾಕಿ. ಹೊರಗಿನ ಪೈಪಿನಿಂದ ಅಷ್ಟೂ ನೀರು ಬರಬೇಕು. ಬರದಿದ್ದರೆ ಪೈಪು ಊದಿಸಿ. ಊದಿಸಿದ ಮೇಲೂ ಸೋರಿದರೆ ಇಳಿಜಾರು ತಪ್ಪಿದೆ ಎಂದರ್ಥ. ಗೋಡೆಯ ತೂತು ಹೊರಗಡೆಗೆ ಇಳಿದಿರಬೇಕು. ಎಷ್ಟೋ ಮನೆಗಳಲ್ಲಿ ಅದು ಒಳಗಡೆಗೆ ಇಳಿದಿರುತ್ತದೆ, ಡ್ರಿಲ್ ಹಿಡಿದವನ ಸ್ಟೂಲ್ ಎತ್ತರ ಸಾಲದೆ. ಪೈಪಿನ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಇಡುವವರೂ ಇದ್ದಾರೆ. ಅದೂ ಬೇಡ.

ಪ್ರಶ್ನೆ: ನಮ್ಮ ಮಾವನವರು ಮಧ್ಯಾಹ್ನ ಎಸಿಯ ಹೊರಗಿನ ಯೂನಿಟ್ಟಿಗೆ ಒದ್ದೆ ಗೋಣಿತಟ್ಟು ಹೊದಿಸುತ್ತಾರೆ. "ಪಾಪ, ಅದಕ್ಕೂ ಬಿಸಿಲು ಹತ್ತುತ್ತದೆ" ಅಂತಾರೆ. ಹೇಳಿದರೆ ಕೇಳಲ್ಲ.
— ಔಷಧಿ ಅಂಗಡಿಯವರು, ಆಳಂದ

ಮಾವನವರ ಮನಸ್ಸು ದೊಡ್ಡದು. ಬಿಸಿಲು ಹತ್ತುವುದೂ ಖರೆ. ಆದರೆ ಆ ಯೂನಿಟ್ ಉಸಿರಾಡುವುದು ಹಿಂದಿನಿಂದ ಎಳೆದು ಮುಂದಕ್ಕೆ ಬಿಟ್ಟು. ಗೋಣಿ ಹೊದಿಸಿದರೆ ಉಸಿರು ಕಟ್ಟುತ್ತದೆ, ಬಿಟ್ಟ ಬಿಸಿಯನ್ನೇ ಮತ್ತೆ ಕುಡಿಯುತ್ತದೆ. ಕೊನೆಗೆ ಕಂಪ್ರೆಸರ್ ತಾನೇ ಟ್ರಿಪ್ ಆಗಿ ನಿಲ್ಲುತ್ತದೆ. ನಮ್ಮ ಬೋರಿನ ನೀರು ಬೇರೆ ಗಡಸು. ದಿನಾ ಒಣಗಿ ಒಣಗಿ ಅಲ್ಯೂಮಿನಿಯಂ ಎಲೆಗಳ ನಡುವೆ ಸುಣ್ಣದ ಪದರ ಕಟ್ಟುತ್ತದೆ.

ಅವರ ಆಸೆಯನ್ನು ಬೇರೆ ರೀತಿ ಪೂರೈಸಿ. ಯೂನಿಟ್ಟಿನ ಎರಡು ಅಡಿ ಮೇಲೆ ತಗಡಿನ ಒಂದು ನೆರಳು ಕಟ್ಟಿಸಿ. ಮುಂದೆ, ಪಕ್ಕಕ್ಕೆ ಏನೂ ಬೇಡ. ಸಾಧ್ಯವಾದರೆ ಮುಂದಿನ ಸಲ ಉತ್ತರ ಅಥವಾ ಪೂರ್ವದ ಗೋಡೆಗೆ ಹಾಕಿಸಿ. ಕಿಟಕಿಯಿಲ್ಲದ ಸಣ್ಣ ಬಾಲ್ಕನಿಯೊಳಗೆ ಬಚ್ಚಿಡುವುದೂ ಗೋಣಿ ಹೊದಿಸಿದ ಹಾಗೇ.

ಪ್ರಶ್ನೆ: ಗೃಹಜ್ಯೋತಿಯಿಂದ ನಮ್ಮ ಬಿಲ್ಲು ಸೊನ್ನೆ. ಕೂಲರ್ ಮಾರಿ ಎಸಿ ತಗೊಳ್ಳಬೇಕೆಂದಿದ್ದೇವೆ. ಬಿಲ್ಲು ಎಷ್ಟು ಬರಬಹುದು?
— ಟೈಲರ್, ಬ್ರಹ್ಮಪುರ, ಕಲಬುರಗಿ

ಲೆಕ್ಕ ಸರಳ. ಒಂದೂವರೆ ಟನ್ ಎಸಿಗೆ ನಮ್ಮ ಮೇ ತಿಂಗಳ ಬಿಸಿಯಲ್ಲಿ ಗಂಟೆಗೆ ಒಂದು ಯೂನಿಟ್ ಹಿಡಿಯಿರಿ. ರಾತ್ರಿ 8 ಗಂಟೆ ಹಾಕಿದರೆ 8 ಯೂನಿಟ್, ತಿಂಗಳಿಗೆ 240. ಎಸಿ ಒಂದೇ 200 ದಾಟಿತು. ಗೃಹಜ್ಯೋತಿಯಲ್ಲಿ ನಿಮ್ಮ ಹಳೆ ಸರಾಸರಿಯ ಮೇಲೆ ಶೇ 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆಯಿದ್ದರೆ 10 ಯೂನಿಟ್) ಸೇರಿಸಿದಷ್ಟು ಉಚಿತ. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಎಸಿಯ ಲೇಬಲ್ಲಿನ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದದ್ದನ್ನು ನೋಡಿ ಖುಷಿಪಡಬೇಡಿ. ಅದು 1,600 ಗಂಟೆಯ ಲೆಕ್ಕ, ಅದೂ ಹದವಾದ ದಿನಗಳನ್ನೂ ಸೇರಿಸಿ ತೆಗೆದದ್ದು.

ಕೂಲರನ್ನು ಯಾಕೆ ಮಾರುತ್ತೀರಿ? ದೇಶದಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುವ ಊರುಗಳಲ್ಲಿ ನಮ್ಮದೂ ಒಂದು. ಗಾಳಿ ಒಣಗಿದಷ್ಟೂ ಅದರ ತಂಪು ಜಾಸ್ತಿ. ಕರೆಂಟ್ ಎಸಿಗಿಂತ ಎಷ್ಟೋ ಕಡಿಮೆ. ಜನ ಮಾಡುವ ತಪ್ಪೆಂದರೆ ಕೂಲರನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕುವುದು. ಆಗ ಕೋಣೆ ಬಚ್ಚಲುಮನೆಯಾಗುತ್ತದೆ. ಕಿಟಕಿಯ ಹೊರಗಿಡಿ, ಎದುರಿನ ಬಾಗಿಲು ಒಂದು ಗೇಣು ತೆರೆಯಿರಿ. ಮಾರ್ಚ್‌ನಿಂದ ಮೇ ನಡುವಿನವರೆಗೆ ಅದರಲ್ಲೇ ಕಳೆಯಿರಿ. ಮಳೆ ಮೋಡ ಕಟ್ಟಿ ಬೆವರು ಒಣಗದ ದಿನಗಳಿಗೆ ಎಸಿ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ. ಒಂದು ನೀರು ತುಂಬುತ್ತದೆ, ಇನ್ನೊಂದು ಅದನ್ನೇ ಹಿಂಡಿ ತೆಗೆಯುತ್ತದೆ.

ಇನ್ನೊಂದು ಮಾತು, ಇದಕ್ಕೆ ಸಿಟ್ಟಾದರೂ ಪರವಾಗಿಲ್ಲ. ತಗಡಿನ ಕೂಲರಿಗೆ ಎರಡು ಪಿನ್ನಿನ ವೈರು ಹಾಕಿದ್ದರೆ ಇವತ್ತೇ ಕಿತ್ತು ಮೂರು ಪಿನ್ನಿನದ್ದು ಹಾಕಿಸಿ. ಅರ್ಥಿಂಗ್ ಸರಿಯಿದೆಯಾ ಎಂದು ನೋಡಿಸಿ, ಬೋರ್ಡಿನಲ್ಲಿ ಕರೆಂಟ್ ಸೋರಿದ ಕೂಡಲೇ ಬಂದ್ ಮಾಡುವ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ. ನೀರು ತುಂಬುವ ಮುಂಚೆ ಪ್ಲಗ್ ಕೀಳಿ, ಸ್ವಿಚ್ ಆಫ್ ಸಾಲದು. ಅಪ್ಪನ ಬಲಗೈ ಎರಡು ಬೆರಳುಗಳು ಕೊನೆಯವರೆಗೂ ಮಡಚುತ್ತಿರಲಿಲ್ಲ. ಒದ್ದೆ ಕೈಯಲ್ಲಿ ಕೂಲರ್ ಬಾಗಿಲು ಹಿಡಿದದ್ದಕ್ಕೆ.

ಪ್ರಶ್ನೆ: ಎಸಿ ಪ್ಲಗ್ ಕರಗಿ ಸಾಕೆಟ್ಟಿಗೆ ಅಂಟಿಕೊಂಡಿದೆ. ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಎಸಿ ಮೇಲೆ "ಸ್ಟೆಬಿಲೈಜರ್ ಬೇಡ" ಎಂದು ಬರೆದಿದೆ. ಏನು ಮಾಡಲಿ?
— ರೈತ, ಶಹಾಪುರ, ಯಾದಗಿರಿ ಜಿಲ್ಲೆ

ಅಣ್ಣಾ, ಇವು ಎರಡು ಬೇರೆ ಬೇರೆ ರೋಗ. ಪ್ಲಗ್ ಕರಗಿದ್ದು ಸಡಿಲ ಸಾಕೆಟ್ಟಿಗೆ, ಇಲ್ಲವೇ ತೆಳು ವೈರಿಗೆ. ಗೀಸರಿನ ವೈರಿಗೆ ಜೋಡಿಸಿರುತ್ತಾರೆ. ಗೀಸರ್ ಅರ್ಧ ಗಂಟೆ ನಡೆಯುತ್ತದೆ, ಎಸಿ ಎಂಟು ತಾಸು. ಮೀಟರ್ ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿ. ಅದಕ್ಕೇ ಒಂದು ಎಂಸಿಬಿ ಇರಲಿ. ಆಮೇಲೆ ಎಸಿ ನಡೆಯುವಾಗ ಪ್ಲಗ್ಗಿಗೆ ಬೆರಳ ಹಿಂಭಾಗ ತಾಗಿಸಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಬೆರಳು ಹಿಂದೆ ಬಂದರೆ ಬಂದ್ ಮಾಡಿ. ಕರೆಂಟ್ ಕಂಪನಿ ಜೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ. ಕಡಿಮೆಯಿದ್ದರೆ ಅರ್ಜಿ ಕೊಟ್ಟು ಏರಿಸಿಕೊಳ್ಳಿ.

ವೋಲ್ಟೇಜಿಗೆ ಬಂದರೆ, "ಸ್ಟೆಬಿಲೈಜರ್ ಬೇಡ" ಎನ್ನುವುದರ ಪಕ್ಕ ಸಣ್ಣಕ್ಷರದಲ್ಲಿ ಇಷ್ಟರಿಂದ ಇಷ್ಟು ವೋಲ್ಟ್ ಎಂದಿರುತ್ತದೆ. ನಿಮ್ಮ 170 ಅದರೊಳಗೆ ಬರಬಹುದು. ನನಗೆ ಭಯ ಇಳಿಯುವ ವೋಲ್ಟೇಜಿನದ್ದಲ್ಲ. ಕರೆಂಟ್ ಹೋಗಿ ಬಂದಾಗ, ಕಂಬದ ಮೇಲೆ ನ್ಯೂಟ್ರಲ್ ವೈರು ಸಡಿಲವಾದಾಗ ಒಮ್ಮೆಲೇ 300 ದಾಟುತ್ತದಲ್ಲ, ಅದರದ್ದು. ಒಂದೇ ಏಟಿಗೆ ಎಸಿಯೊಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಬಂದ್ ಮಾಡುವ 'ಹೈ ಕಟ್' ಇರುವ 4 ಕೆವಿಎ ಸ್ಟೆಬಿಲೈಜರ್ ಹಾಕಿ. ಬೋರ್ಡಿನ ದುಡ್ಡಿಗಿಂತ ಅಗ್ಗ.

ಪ್ರಶ್ನೆ: ಆರು ತಿಂಗಳ ಮೇಲೆ ಎಸಿ ಹಾಕಿದರೆ ಒಳಗೆ ಗಾಳಿ ಬರುತ್ತದೆ, ತಂಪಿಲ್ಲ. ಏನೋ ಕೋಡ್ ಮಿನುಗುತ್ತದೆ.
— ಹುಮನಾಬಾದ್

ಎಸಿ ಆನ್ ಮಾಡಿ ಮೂರು ನಿಮಿಷ ಬಿಟ್ಟು ಕಂಪ್ರೆಸರ್ ಶುರುವಾಗುತ್ತದೆ, ಅಷ್ಟು ಕಾಯಿರಿ. ಆದರೂ ಇಲ್ಲವೆಂದರೆ ನನ್ನ ಅನುಮಾನ ಹಲ್ಲಿಯ ಮೇಲೆ. ಚಳಿಗಾಲದಲ್ಲಿ ಹೊರಗಿನ ಯೂನಿಟ್ಟಿನ ಬೋರ್ಡಿನ ಬೆಚ್ಚನೆ ಜಾಗಕ್ಕೆ ಹೋಗಿ ಮಲಗುತ್ತದೆ. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ, ಶಾರ್ಟ್ ಆಗಿ ಅಲ್ಲಿಗೆ ಮುಗಿಯಿತು. ಜನವರಿಯಿಂದ ಈವರೆಗೆ ನಾಲ್ಕು ತೆಗೆದಿದ್ದೇನೆ, ಒಣಗಿ ಹಪ್ಪಳವಾಗಿದ್ದವು. ನೀವೇ ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿದರೂ ಆ ಬೋರ್ಡಿನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ರಿಪೇರಿಯಾದ ಮೇಲೆ ವೈರು ಹೋಗುವ ಸಂದಿಗೆ ಪುಟ್ಟಿ ತುಂಬಿಸಿ. ದೀಪಾವಳಿ ಆದ ಮೇಲೆ ಎಂಸಿಬಿ ಇಳಿಸಿಬಿಡಿ, ಬೆಚ್ಚಗಿಲ್ಲದ ಮನೆಗೆ ಹಲ್ಲಿ ಬರುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಎಸಿ ಹಾಕಿಸು ಎನ್ನುತ್ತಾನೆ. ಹಾಕಬಹುದಾ?
— ಸುರಪುರ

ಅಮ್ಮಾ, ಆ ಮನೆಯ ಒಳಗೋಣೆಯಲ್ಲಿ ಮಗನನ್ನು ಒಂದು ಮಧ್ಯಾಹ್ನ ಮಲಗಿಸಿ, ಒಂದು ಫ್ಯಾನ್ ಹಾಕಿ. ನಾಲ್ಕು ಗಂಟೆಗೆ ಎದ್ದು ಏನು ಹೇಳುತ್ತಾನೆ ನೋಡಿ. ದಪ್ಪ ಮಣ್ಣು ಹಗಲಿನ ಬಿಸಿಯನ್ನು ಒಳಗೆ ಬಿಡಲು ಬಹಳ ಹೊತ್ತು ತಗೊಳ್ಳುತ್ತದೆ. ಆ ಕೋಣೆಯನ್ನು ತಂಪು ಮಾಡುವುದು ಎಸಿಗೆ ಆಟ. ಅದರ ತೊಂದರೆ ಬೇರೆ. ಹಳೆ ಬಾಗಿಲು, ಗವಾಕ್ಷಿ, ಜಂತಿಯ ಸಂದುಗಳಿಂದ ತಂಪೆಲ್ಲ ಹೊರಗೆ ಹೋಗುತ್ತದೆ.

ಹಠ ಹಿಡಿದರೆ ಒಂದು ಟನ್ ಸಾಕು. ಗವಾಕ್ಷಿಗೆ ಗಾಜು ಹಾಕಿಸಿ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ. ಹೊರಗಿನ ಯೂನಿಟ್ಟನ್ನು ಮಣ್ಣಿನ ಗೋಡೆಗೆ ತೂಗುಹಾಕಬೇಡಿ, ನೆಲದಲ್ಲಿ ಒಂದು ಕಟ್ಟೆ ಕಟ್ಟಿಸಿ ಕೂರಿಸಿ. ಗೋಡೆ ಎರಡು ಅಡಿ ದಪ್ಪ ಇರುತ್ತದೆ ಎಂದು ಫಿಟಿಂಗ್ ಹುಡುಗರಿಗೆ ಫೋನಿನಲ್ಲೇ ಹೇಳಿ. ಇಲ್ಲದಿದ್ದರೆ ಸಣ್ಣ ಡ್ರಿಲ್ ತಂದು, ಅರ್ಧ ತೂತು ಮಾಡಿ, "ನಾಳೆ ಬರ್ತೀವ್ರಿ ಅಮ್ಮಾ" ಎಂದು ಹೋಗುತ್ತಾರೆ.